ರಕ್ತದೊಳಗಿನ ಧೂಳು

ಬಳ್ಳಾರಿಯ ಜನಕ್ಕೆ ಧೂಳಿನ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದುದಿಲ್ಲ. ಸಂಡೂರಿನ ಕಡೆಯಿಂದ ಬರುವ ಅದಿರಿನ ಕೆಂಧೂಳು ಬಟ್ಟೆಬರೆಗಳಿಗೆಲ್ಲ ಬಣ್ಣ ಕೊಟ್ಟ ಕಾಲವನ್ನು ಅವರು ಕಂಡಿದ್ದಾರೆ. ಕುರುಗೋಡಿನ ಎರೆಹೊಲಗಳಲ್ಲಿ ಬೇಸಿಗೆಯ ಗಾಳಿ ಎಬ್ಬಿಸುವ ಕರಿಯ ಧೂಳುಂಟು. ಸಿರುಗುಪ್ಪದ ಕಣಗಳಲ್ಲಿ ಭತ್ತದ ಸುಗ್ಗಿಯ ದಿನ ಹಾರುವ ಹೊಟ್ಟಿನ ಧೂಳುಂಟು. ಇವೆಲ್ಲಕ್ಕಿಂತಲೂ ನವುರಾದ ಇನ್ನೊಂದು ಧೂಳು ಮನುಷ್ಯನ ನೆತ್ತರಿನಲ್ಲಿಯೇ ಹಗಲಿರುಳು ತೇಲುತ್ತಿದೆ ಎಂದರೆ ಥಟ್ಟನೆ ನಂಬುವವರು ಕಡಮೆ. ಆದರೆ ಅದು ಉಂಟು. 1967ರಲ್ಲಿ ಪೀಟರ್ ವುಲ್ಫ್ ಎಂಬ ಬ್ರಿಟನ್ನಿನ ವಿಜ್ಞಾನಿ ಅದಕ್ಕೆ ಇಟ್ಟ ಹೆಸರೂ ಅದೇ: ‘ಪ್ಲೇಟ್‌ಲೆಟ್ ಧೂಳು’.

ಈ ಧೂಳಿನ ಸಂಗತಿ ಪ್ರಯೋಗಶಾಲೆಯ ಪಂಡಿತರಿಗೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ಅದನ್ನು ಅವರಿಗೇ ಬಿಟ್ಟುಬಿಡಬಹುದಾಗಿತ್ತು. ಆದರೆ ಡೆಂಗಿ ಜ್ವರ ಮನೆಯ ಬಾಗಿಲು ತಟ್ಟಿದ ದಿನ ಅದು ಪ್ರತಿಯೊಂದು ಸಂಸಾರದ ಚಿಂತೆಯೂ ಆಗುತ್ತದೆ.

ಚೀಟಿಯ ಮೇಲಿನ ಅಂಕಿ

ಮಳೆಗಾಲ ಬಂತೆಂದರೆ ಜ್ವರದ ಕಾಲವೂ ಬಂತು. 2024ರ ಮಳೆಗಾಲದಲ್ಲಿ ಡೆಂಗಿಯ ಹಾವಳಿ ಎಷ್ಟಾಯಿತೆಂದರೆ, ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತು. ಇಂತಹ ದಿನಗಳಲ್ಲಿ ಕುರುಗೋಡಿನಲ್ಲಾಗಲಿ ಸಿರುಗುಪ್ಪದಲ್ಲಾಗಲಿ ಮಗುವಿಗೆ ಮೂರು ದಿನ ಜ್ವರ ಬಿಡದಿದ್ದರೆ ರಕ್ತಪರೀಕ್ಷೆಯಾಗುತ್ತದೆ, ಚೀಟಿ ಬರುತ್ತದೆ. ಮನೆಯವರೆಲ್ಲರ ಕಣ್ಣೂ ಅದರ ಒಂದೇ ಸಾಲಿನ ಮೇಲೆ ಬೀಳುತ್ತದೆ. ಒಂದೂವರೆ ಲಕ್ಷಕ್ಕೆ ಕಡಮೆಯಿರಬಾರದಾಗಿದ್ದ ಪ್ಲೇಟ್‌ಲೆಟ್ ಎಪ್ಪತ್ತು ಸಾವಿರಕ್ಕಿಳಿದಿದೆ. ಮಾರನೆಯ ದಿನ ನಲವತ್ತು ಸಾವಿರ. ಅಲ್ಲಿಗೆ ಮನೆಯ ನೆಮ್ಮದಿ ಹಾರಿಹೋಗುತ್ತದೆ. ‘ಬಿಳಿ ರಕ್ತಕಣ ಇಳಿದುಬಿಟ್ಟಿದೆಯಂತೆ’ ಎಂದು ಓಣಿಯಲ್ಲೆಲ್ಲ ಸುದ್ದಿ. (ಪ್ಲೇಟ್‌ಲೆಟ್ಟಿಗೂ ಬಿಳಿಯ ರಕ್ತಕಣಕ್ಕೂ ನೆಂಟಸ್ತನ ದೂರದ್ದು. ಆದರೂ ನಮ್ಮ ಊರುಗಳಲ್ಲಿ ಈ ಮಾತು ರೂಢಿಗೆ ಬಂದುಬಿಟ್ಟಿದೆ.) ಒಬ್ಬರು ಪಪ್ಪಾಯಿ ಎಲೆಯ ರಸ ಹಿಂಡುತ್ತಾರೆ, ಇನ್ನೊಬ್ಬರು ಆಡಿನ ಹಾಲು ಹುಡುಕಿಕೊಂಡು ಹೋಗುತ್ತಾರೆ, ಮತ್ತೊಬ್ಬರು ಬಾಡಿಗೆ ಕಾರು ಗೊತ್ತುಮಾಡುತ್ತಾರೆ. ರಕ್ತವನ್ನು ಬಗೆಬಗೆಯಾಗಿ ಬೇರ್ಪಡಿಸುವ ಸಲಕರಣೆ ಊರೂರಿನಲ್ಲಿ ಇರುವಂತಹುದಲ್ಲ. ಹಾಗಾಗಿ ಸುತ್ತಲಿನ ತಾಲ್ಲೂಕುಗಳ ಜನ ಬಳ್ಳಾರಿಯ ದಾರಿ ಹಿಡಿಯುತ್ತಾರೆ. ಕುರುಗೋಡಿನಿಂದ ಅದು ಸುಮಾರು 30 ಕಿಲೋಮೀಟರು. ಸಿರುಗುಪ್ಪದಿಂದ 50ಕ್ಕೂ ಹೆಚ್ಚು. 1961ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದಂದಿನಿಂದ ದೊಡ್ಡ ಕಾಯಿಲೆಗೆ ಬಳ್ಳಾರಿಯೇ ಗತಿಯೆಂಬುದು ಈ ಸೀಮೆಯ ವಾಡಿಕೆ.

ಈ ಗಾಬರಿಗೆ ಕಾರಣವಿಲ್ಲವೆಂದು ಯಾರೂ ಹೇಳಲಾರರು. ಪ್ಲೇಟ್‌ಲೆಟ್ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತು. ಅದು ಕಡಮೆಯಾದರೆ ರಕ್ತ ಸೋರಿಹೋಗುತ್ತದೆ ಎಂಬ ತರ್ಕ ನೇರವಾಗಿದೆ. ಆದರೆ ಡೆಂಗಿಯಲ್ಲಿ ಮನುಷ್ಯ ಸಾಯುವುದು ಬಹುಮಟ್ಟಿಗೆ ಈ ತರ್ಕದಂತೆ ಅಲ್ಲ. ಅದು ಹೇಗೆಂದು ತಿಳಿಯಬೇಕಾದರೆ ಮೊದಲು ಪ್ಲೇಟ್‌ಲೆಟ್ಟಿನ ಗುಣಸ್ವಭಾವವನ್ನೂ ಅದು ಉದುರಿಸುವ ಧೂಳಿನ ಚರಿತ್ರೆಯನ್ನೂ ನೋಡಬೇಕು.

ತಟ್ಟೆಯಂತಹ ಚೂರುಗಳು

ಪ್ಲೇಟ್‌ಲೆಟ್ಟನ್ನು ಕನ್ನಡದ ಪಾಠಪುಸ್ತಕಗಳು ಕಿರುತಟ್ಟೆ ಎನ್ನುತ್ತವೆ, ಒಪ್ಪುವ ಹೆಸರು. ಒಂದು ಮಿಲಿಮೀಟರಿನ ಉದ್ದಕ್ಕೆ ಸುಮಾರು 400 ಕಿರುತಟ್ಟೆಗಳನ್ನು ಸಾಲಾಗಿ ಜೋಡಿಸಬಹುದು. 1882ರಲ್ಲಿ ಇಟಲಿಯ ಟ್ಯೂರಿನ್ ನಗರದ ಜೂಲಿಯೋ ಬಿಟ್ಸೊಜೆರೊ ಇವು ರಕ್ತದ ಒಂದು ಸ್ವತಂತ್ರ ವಸ್ತುವೆಂದೂ ಗಾಯದ ಬಾಯಿಯಲ್ಲಿ ಒಟ್ಟುಗೂಡಿ ರಕ್ತವನ್ನು ತಡೆಯುತ್ತವೆಯೆಂದೂ ತೋರಿಸಿಕೊಟ್ಟ. ಎಲುಬಿನ ಮಜ್ಜೆಯಲ್ಲಿ ಬೃಹದಾಕಾರದ ಒಂದು ಬಗೆಯ ಜೀವಕೋಶಗಳಿವೆ. ಅವುಗಳ ಮೈಯಿಂದ ಕಳಚಿಕೊಂಡ ಚೂರುಗಳೇ ಈ ಕಿರುತಟ್ಟೆಗಳು. ಅವುಗಳಿಗೆ ಕೋಶಕೇಂದ್ರವಿಲ್ಲ. ಆಯುಸ್ಸು ಏಳರಿಂದ ಹತ್ತು ದಿನ. ಆರೋಗ್ಯವಂತನ ಮಜ್ಜೆ ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿ ಕಿರುತಟ್ಟೆಗಳನ್ನು ಹೊಸದಾಗಿ ಹುಟ್ಟಿಸುತ್ತದೆ. ಒಂದು ಘನ ಮಿಲಿಮೀಟರು ರಕ್ತದಲ್ಲಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವುದು ವಾಡಿಕೆ.

ಇಷ್ಟು ತಿಳಿದ ಮೇಲೆ ಒಂದು ಒಗಟು ಉಳಿದುಕೊಂಡಿತು. ರಕ್ತದಿಂದ ಕಣಗಳನ್ನೂ ಕಿರುತಟ್ಟೆಗಳನ್ನೂ ತೆಗೆದು, ತಿಳಿಯಾದ ರಸವನ್ನಷ್ಟೆ ಇಟ್ಟುಕೊಂಡರೂ ಅದರಲ್ಲಿ ಹೆಪ್ಪುಗಟ್ಟಿಸುವ ಯಾವುದೋ ಶಕ್ತಿ ಉಳಿದಿರುತ್ತಿತ್ತು. 1946ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅರ್ವಿನ್ ಚಾರ್ಗಾಫ್ ಮತ್ತು ರ‍್ಯಾಂಡಾಲ್ಫ್ ವೆಸ್ಟ್ ಎಂಬುವರು ಆ ತಿಳಿರಸವನ್ನು ಅತಿವೇಗದ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರು. ತಳದಲ್ಲಿ ಏನೋ ಒಂದಿಷ್ಟು ಕೂತಿತು. ಮೇಲುಳಿದ ರಸ ಹೆಪ್ಪುಗಟ್ಟಲು ಮೊದಲಿಗಿಂತ ಬಹಳ ಹೊತ್ತು ಹಿಡಿಯಿತು. ಅಂದಮೇಲೆ ತಳಕ್ಕೆ ಕೂತ ಆ ಚರಟದಲ್ಲಿಯೇ ಮರ್ಮವಿರಬೇಕಷ್ಟೆ. ಚಾರ್ಗಾಫ್ ಮುಂದೆ ವಂಶವಾಹಿ ವಸ್ತುವಾದ ಡಿ.ಎನ್.ಎ.ಯ ಲೆಕ್ಕಾಚಾರದಿಂದ ಜಗದ್ವಿಖ್ಯಾತನಾದ. ಈ ಚರಟದ ಮಾತು ಹೆಚ್ಚುಕಡಮೆ ಮರೆತೇಹೋಯಿತು. ಇಪ್ಪತ್ತೊಂದು ವರ್ಷಗಳ ಬಳಿಕ ವುಲ್ಫ್ ಅದನ್ನು ಕೈಗೆತ್ತಿಕೊಂಡು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಕಿರುತಟ್ಟೆಗಳಿಂದ ಉದುರಿದ ಅತಿಸೂಕ್ಷ್ಮ ಕಣಗಳು ಕಂಡವು. ಧೂಳೆಂಬ ಹೆಸರು ಬಂದದ್ದು ಹೀಗೆ.

ಕೊಳಕುಮಂಡಲದ ಉಪಕಾರ

ಇಲ್ಲಿ ಸಿರುಗುಪ್ಪದವರಿಗೆ ಚಿರಪರಿಚಿತವಾದ ಒಂದು ಪ್ರಾಣಿಯ ಪ್ರಸ್ತಾಪ ಬರುತ್ತದೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗಳಿಗೆ ಹರಿದ ಮೇಲೆ ಈ ಸೀಮೆಯಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ಗದ್ದೆಯಿದ್ದಲ್ಲಿ ಇಲಿ; ಇಲಿಯಿದ್ದಲ್ಲಿ ಕೊಳಕುಮಂಡಲ. ಅದರ ವಿಷಕ್ಕೆ ರಕ್ತವನ್ನು ಹೆಪ್ಪುಗಟ್ಟಿಸುವ ಭಯಂಕರ ಶಕ್ತಿಯುಂಟು. ಕಚ್ಚಿಸಿಕೊಂಡವನ ಮೈಯಲ್ಲಿ ಹೆಪ್ಪುಗಟ್ಟುವ ಸಾಮಗ್ರಿಯೆಲ್ಲ ವ್ಯರ್ಥವಾಗಿ ಖರ್ಚಾಗಿ, ಕೊನೆಗೆ ರಕ್ತ ನಿಲ್ಲದಂತಾಗುವುದು ಈ ಕಾರಣದಿಂದಲೇ. ಇದೇ ವಿಷವನ್ನು 1934ರಲ್ಲಿ ಲಂಡನ್ನಿನ ಮ್ಯಾಕ್‌ಫರ್ಲೇನ್ ಎಂಬ ವೈದ್ಯ ಬಹಳ ತೆಳುವಾಗಿಸಿ, ರಕ್ತ ನಿಲ್ಲದ ಹಿಮೊಫಿಲಿಯಾ ರೋಗಿಗಳ ಗಾಯಗಳಿಗೆ ಹಚ್ಚಿ ಗುಣ ಕಂಡ.

ಆ ವಿಷ ಕೆಲಸಮಾಡುವ ರೀತಿಯಲ್ಲಿ ಒಂದು ವಿಶೇಷವಿದೆ. ಅದು ರಕ್ತದ ಒಂದು ನಿರ್ದಿಷ್ಟ ಪ್ರೋಟೀನನ್ನು ಕೆರಳಿಸುತ್ತದೆ. ಕೆರಳಿದ ಪ್ರೋಟೀನಿಗೆ ಮುಂದಿನ ಕೆಲಸ ನಡೆಸಲು ಜಿಡ್ಡಿನ ಒಂದು ಪೊರೆಯ ಆಸರೆ ಬೇಕು. ಪೊರೆ ಹೆಚ್ಚಿದ್ದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಕಡಮೆಯಿದ್ದರೆ ತಡವಾಗುತ್ತದೆ. ಆದ್ದರಿಂದ ಗಡಿಯಾರ ಹಿಡಿದು ಕೂತರೆ ಆ ರಸದಲ್ಲಿ ಕಿರುತಟ್ಟೆಯ ಪೊರೆಯ ಅಂಶ ಎಷ್ಟಿದೆಯೆಂದು ಅಂದಾಜು ಸಿಕ್ಕುತ್ತದೆ. ಗದ್ದೆಯ ಬದುವಿನ ಹಾವು ಹೀಗೆ ರಕ್ತವಿಜ್ಞಾನಿಗೆ ಅಳತೆಗೋಲಾಯಿತು! ಇಂದಿಗೂ ರಕ್ತದ ಕೆಲವು ದೋಷಗಳನ್ನು ಪತ್ತೆಹಚ್ಚಲು ದೊಡ್ಡ ಪ್ರಯೋಗಶಾಲೆಗಳು ಕೊಳಕುಮಂಡಲದ ವಿಷವನ್ನೇ ಬಳಸುತ್ತವೆ.

ಒಳಮೈ ಹೊರಗಾದಾಗ

ಧೂಳಿನ ಕಣವೆಂದರೆ ಗಟ್ಟಿಯಾದ ಪುಡಿಯಲ್ಲ. ಪೊರೆಯಿಂದಾದ ಪುಟ್ಟ ಚೀಲ. ಹಾಲು ಕುದಿಯುವಾಗ ಕೆನೆಯಲ್ಲಿ ಏಳುವ ಗುಳ್ಳೆಯನ್ನು ನೆನೆದರೆ ಸಾಕು. ಕಿರುತಟ್ಟೆ ಕೆರಳಿದಾಗ ಅದರ ಹೊರಪೊರೆ ಅಲ್ಲಲ್ಲಿ ಉಬ್ಬಿ, ಉಬ್ಬು ಕಳಚಿಕೊಂಡು ಚೀಲವಾಗಿ ತೇಲಿಹೋಗುತ್ತದೆ. ಅಂತಹ ಚೀಲಗಳಲ್ಲಿ ಸಣ್ಣವನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರಿನಲ್ಲಿ ಹತ್ತು ಸಾವಿರ ಹಿಡಿಯುತ್ತವೆ.

ಈ ಪೊರೆಗೆ ಎರಡು ಪದರ. ಒಳಪದರದಲ್ಲಿ ಋಣವಿದ್ಯುತ್ತಿನ ಗುಣವುಳ್ಳ ಒಂದು ಜಿಡ್ಡನ್ನು ಜೀವಕೋಶ ಬಹಳ ಜತನದಿಂದ ಬಚ್ಚಿಟ್ಟುಕೊಂಡಿರುತ್ತದೆ. ಕೆರಳಿದಾಗ ಈ ಏರ್ಪಾಡು ಕೆಟ್ಟು, ಅಂಗಿಯ ಒಳಮಗ್ಗಲು ಹೊರಗೆ ತಿರುವಿಕೊಂಡಂತೆ ಆ ಜಿಡ್ಡು ಹೊರಗೆ ಬರುತ್ತದೆ. ಸುಣ್ಣದ ಅಂಶವಾದ ಕ್ಯಾಲ್ಸಿಯಂ ನಡುವೆ ನಿಂತು, ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಆ ಜಿಡ್ಡಿಗೆ ಅಂಟಿಸುತ್ತದೆ. ಗಾಯದ ಸ್ಥಳದಲ್ಲಿ ಹೆಪ್ಪಿನ ಕಾರ್ಖಾನೆಯೇ ತೆರೆದಂತಾಗುತ್ತದೆ. 2007ರಲ್ಲಿ ಪ್ರಕಟವಾದ ರಷ್ಯನ್ ಸಂಶೋಧಕರ ಅಳತೆಯ ಪ್ರಕಾರ, ಪೊರೆಯ ಅಷ್ಟೇ ವಿಸ್ತಾರಕ್ಕೆ ಹೋಲಿಸಿದರೆ ಕೆರಳಿದ ಕಿರುತಟ್ಟೆಗಿಂತ ಈ ಧೂಳಿನ ಹೆಪ್ಪುಗಟ್ಟಿಸುವ ಶಕ್ತಿ ಐವತ್ತರಿಂದ ನೂರು ಪಟ್ಟು ಹೆಚ್ಚು.

ಇದು ಕೇವಲ ಸಿದ್ಧಾಂತವೇ? ಅಲ್ಲವೆಂಬುದಕ್ಕೆ 1979ರಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾದ ಅಮೆರಿಕದ ರೋಗಿಯೊಬ್ಬಳ ಉದಾಹರಣೆಯಿದೆ. ಆಕೆಗೆ ಗಾಯವಾದರೆ, ಹಲ್ಲು ಕಿತ್ತರೆ, ರಕ್ತ ಅತಿಯಾಗಿ ಹೋಗುತ್ತಿತ್ತು. ಆದರೆ ಕಿರುತಟ್ಟೆಗಳ ಸಂಖ್ಯೆ ಸರಿಯಾಗಿಯೇ ಇತ್ತು! ಅವು ಒಳಮೈಯನ್ನು ಹೊರಗೆ ತಿರುವಲಾರವು, ಧೂಳನ್ನೂ ಉದುರಿಸಲಾರವು. ‘ಸ್ಕಾಟ್ ಸಿಂಡ್ರೋಮ್’ ಎಂಬ ಈ ಅಪರೂಪದ ಕಾಯಿಲೆಯ ಮೂಲವಾದ ವಂಶವಾಹಿ 2010ರಲ್ಲಿ ಪತ್ತೆಯಾಯಿತು. ಚೀಟಿಯ ಅಂಕಿಯನ್ನೇ ನಂಬುವವರು ಒಮ್ಮೆ ಯೋಚಿಸಬೇಕಾದ ಸಂಗತಿ ಇದು: ಅಂಕಿ ನೆಟ್ಟಗಿದ್ದೂ ರಕ್ತ ಹೋಗಬಹುದು.

ಧೂಳು ಉದುರಿಸುವುದು ಕಿರುತಟ್ಟೆಗಳ ಏಕಸ್ವಾಮ್ಯವೇನಲ್ಲ. ಕೆಂಪು ಕಣ, ಬಿಳಿಯ ಕಣ, ರಕ್ತನಾಳದ ಒಳಗೋಡೆಯ ಕೋಶ, ಎಲ್ಲವೂ ಚೀಲಗಳನ್ನು ಹೊರಬಿಡುತ್ತವೆ. ಇವುಗಳಲ್ಲಿ ಅತಿ ಸಣ್ಣವು ಪೊರೆಯಿಂದ ಉದುರದೆ, ಕೋಶದ ಹೊಟ್ಟೆಯೊಳಗೇ ತಯಾರಾಗಿ ಹೊರಬೀಳುತ್ತವೆ. 1983ರಲ್ಲಿ ಕೆನಡಾದ ಮಾಂಟ್ರಿಯಲ್ಲಿನಲ್ಲೂ ಅಮೆರಿಕದ ಸೇಂಟ್ ಲೂಯಿಯಲ್ಲೂ ಏಕಕಾಲಕ್ಕೆ ಇದು ಕಂಡಿತು; ಮಾಂಟ್ರಿಯಲ್ಲಿನ ರೋಸ್ ಜಾನ್‌ಸ್ಟೋನ್ ಎಂಬ ವಿದುಷಿ 1987ರಲ್ಲಿ ಅವುಗಳನ್ನು ‘ಎಕ್ಸೊಸೋಮ್’ ಎಂದು ಕರೆದಳು. ಮೊದಲು ಇದೆಲ್ಲ ಕೋಶದ ಕಸವೆಂದೇ ಎಣಿಕೆಯಾಗಿತ್ತು. ಆ ಚೀಲಗಳಲ್ಲಿ ಒಂದು ಕೋಶದಿಂದ ಇನ್ನೊಂದಕ್ಕೆ ಸಂದೇಶಗಳೂ ಸಾಗುತ್ತವೆಯೆಂದು ಮನವರಿಕೆಯಾದದ್ದು ಈಚೆಗೆ.

ಡೆಂಗಿಯ ಆಟ

ಡೆಂಗಿಯ ವೈರಸ್ಸು ಮೈಯನ್ನು ಹೊಕ್ಕಾಗ ಕಿರುತಟ್ಟೆಗಳು ಗಾಯವಿಲ್ಲದೆಯೇ ಕೆರಳುತ್ತವೆ. ಕೆರಳಿದವು ಬೇಗ ನಾಶವಾಗುತ್ತವೆ. ಮಜ್ಜೆಯ ಉತ್ಪಾದನೆಯೂ ಕುಗ್ಗುತ್ತದೆ. ಚೀಟಿಯಲ್ಲಿ ಅಂಕಿ ಇಳಿಯುವುದು ಹೀಗೆ. ಆದರೆ ಸಾಯುವ ಮುನ್ನ ಅವು ಉದುರಿಸಿದ ಧೂಳು ಎಲ್ಲಿ ಹೋಯಿತು? ಚೀಟಿ ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ.

2013ರಲ್ಲಿ ಬ್ರೆಜಿಲ್ ದೇಶದ ಸಂಶೋಧಕರು ಡೆಂಗಿ ರೋಗಿಗಳ ಕಿರುತಟ್ಟೆಗಳನ್ನು ಪರೀಕ್ಷಿಸಿದರು. ಅವು ಬಿಡುವ ಚೀಲಗಳಲ್ಲಿ ಉರಿಯೂತವನ್ನು ಎಬ್ಬಿಸುವ ಒಂದು ರಾಸಾಯನಿಕ ತುಂಬಿತ್ತು. ಅದು ರಕ್ತನಾಳದ ಒಳಗೋಡೆಯ ಬೆಸುಗೆಯನ್ನು ಸಡಿಲಿಸುವಂತಹುದು. 2019ರಲ್ಲಿ ತೈವಾನಿನವರು ಇನ್ನೊಂದು ಕೊಂಡಿಯನ್ನು ತೋರಿಸಿದರು: ವೈರಸ್ಸಿನಿಂದ ಕೆರಳಿದ ಕಿರುತಟ್ಟೆಗಳ ಚೀಲಗಳು ಬಿಳಿಯ ಕಣಗಳನ್ನು ಹುರಿದುಂಬಿಸುತ್ತವೆ, ಆ ಕಣಗಳು ಹದಮೀರಿ ಕಾದಾಡಿ ಸ್ವಂತ ಮೈಗೇ ಕೇಡು ಮಾಡುತ್ತವೆ. ಚೀಲದ ಸಂದೇಶ ಮುಟ್ಟುವ ಎರಡು ಬಾಗಿಲುಗಳನ್ನು ಮುಚ್ಚಿದಾಗ, ಪ್ರಯೋಗದ ಇಲಿಗಳಲ್ಲಿ ಬದುಕುಳಿದವುಗಳ ಪ್ರಮಾಣ ಶೇಕಡ 30ರಿಂದ 90ಕ್ಕೆ ಏರಿತು. ಇಲಿ ಮನುಷ್ಯನಲ್ಲ, ನಿಜ. ಈ ಉಪಾಯ ಇನ್ನೂ ಆಸ್ಪತ್ರೆಯ ಔಷಧವಾಗಿ ಬಂದಿಲ್ಲ.

ಹಾಗಾದರೆ ಧೂಳು ಶತ್ರುವೇ? ಅದನ್ನೂ ಹೇಳುವಂತಿಲ್ಲ. ಥೈಲೆಂಡಿನ ರೋಗಿಗಳನ್ನು ಕುರಿತು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರಕ್ತಸ್ರಾವದ ಪ್ರವೃತ್ತಿಯಿದ್ದವರಲ್ಲಿ ಕಿರುತಟ್ಟೆಯ ಧೂಳು ಕಡಮೆಯಾಗಿತ್ತು. ಕೆಂಪು ಕಣಗಳ ಧೂಳು ಮಾತ್ರ ರೋಗದ ಉಗ್ರತೆಯೊಂದಿಗೆ ಏರುತ್ತಿತ್ತು. ರಕ್ತ ನಿಲ್ಲಿಸುವ ಸಹಾಯಕನೂ ಅದೇ, ಗೋಡೆ ಸಡಿಲಿಸುವ ಕೇಡಿಗನೂ ಅದೇ. ಯಾವ ಕೋಶದಿಂದ ಬಂತು, ಎಷ್ಟು ಬಂತು, ಒಡಲಲ್ಲಿ ಏನನ್ನು ಹೊತ್ತು ಬಂತು ಎಂಬುದರ ಮೇಲೆ ಎಲ್ಲ ನಿಂತಿದೆ.

ಗೋಡೆ ಸಡಿಲವಾದರೆ ಆಗುವುದೇನು? ರಕ್ತದ ನೀರಿನಂಶ ನಾಳಗಳಿಂದ ಜಿನುಗಿ ಹೊಟ್ಟೆಯಲ್ಲಿಯೂ ಎದೆಯಗೂಡಿನಲ್ಲಿಯೂ ಶೇಖರವಾಗುತ್ತದೆ. ನಾಳದಲ್ಲಿ ಉಳಿದ ರಕ್ತ ಗಟ್ಟಿಯಾಗುತ್ತದೆ, ಒತ್ತಡ ಕುಸಿಯುತ್ತದೆ. ಡೆಂಗಿಯಲ್ಲಿ ಪ್ರಾಣಕ್ಕೆ ಸಂಚಕಾರ ತರುವುದು ಹೆಚ್ಚಾಗಿ ಈ ಸೋರಿಕೆ. ಹೊರಗೆ ಒಂದು ಹನಿ ರಕ್ತವೂ ಕಾಣಿಸದೆ ಇದು ನಡೆದುಹೋಗಬಹುದು.

ಚೀಲ ಏರಿಸಿದರೆ ಸಾಕೆ?

ಬಳ್ಳಾರಿಯ ರಕ್ತನಿಧಿಗಳ ಮುಂದೆ ರಾತ್ರಿ ಹೊತ್ತು ಕಾದು ನಿಂತವರಿಗೆ ಪ್ಲೇಟ್‌ಲೆಟ್ ಚೀಲವೆಂದರೆ ಸಂಜೀವಿನಿ. ಅದನ್ನು ಕಾಪಾಡುವುದೂ ಸುಲಭವಲ್ಲ. ಕೆಂಪು ರಕ್ತದಂತೆ ಅದನ್ನು ತಣ್ಣಗೆ ಇಡುವಂತಿಲ್ಲ. 20ರಿಂದ 24 ಡಿಗ್ರಿ ಶಾಖದಲ್ಲಿ, ತೊಟ್ಟಿಲು ತೂಗಿದಂತೆ ಎಡೆಬಿಡದೆ ತೂಗುವ ಯಂತ್ರದಲ್ಲಿ, ಐದು ದಿನ ಮಾತ್ರ ಇಡಬಹುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿಯಂತಹ ಊರಿನಲ್ಲಿ ಇದು ಸಾಮಾನ್ಯ ಸಾಹಸವಲ್ಲ. ಹಾಗೆ ಇಟ್ಟಿರುವಾಗಲೂ ಕಿರುತಟ್ಟೆಗಳು ಸುಮ್ಮನಿರದೆ ಧೂಳು ಉದುರಿಸುತ್ತಲೇ ಇರುತ್ತವೆ. ದಿನ ಕಳೆದಂತೆ ಚೀಲದಲ್ಲಿ ಧೂಳು ಹೆಚ್ಚುತ್ತದೆ.

ರಕ್ತಸ್ರಾವ ಆಗುತ್ತಿರುವ ರೋಗಿಗೆ ವೈದ್ಯರು ಬೇಕೆಂದರೆ ಆ ಚೀಲ ಬೇಕೇ ಬೇಕು. ಅದರಲ್ಲಿ ಎರಡು ಮಾತಿಲ್ಲ. ಪ್ರಶ್ನೆಯಿರುವುದು ರಕ್ತಸ್ರಾವವಿಲ್ಲದೆ, ಅಂಕಿ ಇಳಿದಿದೆಯೆಂಬ ಒಂದೇ ಕಾರಣಕ್ಕೆ ಏರಿಸುವುದರಲ್ಲಿ. ಸಿಂಗಪುರ ಮತ್ತು ಮಲೇಷ್ಯದ ಆಸ್ಪತ್ರೆಗಳಲ್ಲಿ ಇದನ್ನು ಒರೆಗೆ ಹಚ್ಚಿ ನೋಡಿದರು. ಕಿರುತಟ್ಟೆ 20,000ಕ್ಕೆ ಅಥವಾ ಅದಕ್ಕೂ ಕೆಳಗಿಳಿದಿದ್ದ 372 ವಯಸ್ಕ ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಮುಂಜಾಗ್ರತೆಯಾಗಿ ಚೀಲ ಏರಿಸಿದರು, ಉಳಿದವರಿಗೆ ಏರಿಸಲಿಲ್ಲ. ಫಲಿತಾಂಶ 2017ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಏರಿಸಿಕೊಂಡವರಲ್ಲಿ ಶೇಕಡ 21 ಮಂದಿಗೆ, ಏರಿಸಿಕೊಳ್ಳದವರಲ್ಲಿ ಶೇಕಡ 26 ಮಂದಿಗೆ ರಕ್ತಸ್ರಾವವಾಗಿತ್ತು. ಗಣಿತದ ದೃಷ್ಟಿಯಲ್ಲಿ ಇದು ವ್ಯತ್ಯಾಸವೇ ಅಲ್ಲ. ಆದರೆ ತುರಿಕೆ, ದದ್ದು, ಉಸಿರಾಟದ ತೊಂದರೆ ಮೊದಲಾದ ಅಡ್ಡಪರಿಣಾಮಗಳು ಏರಿಸಿಕೊಂಡವರಲ್ಲಿಯೇ ಹೆಚ್ಚಾಗಿದ್ದವು. ರಕ್ತಸ್ರಾವವಿಲ್ಲದಿದ್ದರೆ 10,000ಕ್ಕಿಂತ ಕೆಳಗಿಳಿಯುವವರೆಗೆ ಏರಿಸುವ ಆವಶ್ಯಕತೆಯಿಲ್ಲವೆಂಬುದು ಭಾರತ ಸರ್ಕಾರದ ಮಾರ್ಗಸೂಚಿಯ ನಿಲುವು. ಎಷ್ಟೋ ಸಲ ವೈದ್ಯರಿಗಿಂತ ಮೊದಲು ಮನೆಯವರೇ ಚೀಲಕ್ಕಾಗಿ ಹಟ ಹಿಡಿಯುತ್ತಾರೆಂಬುದನ್ನೂ ಇಲ್ಲಿ ಹೇಳದೆ ವಿಧಿಯಿಲ್ಲ.

ಪಪ್ಪಾಯಿ ಎಲೆಯ ರಸದ ವಿಷಯವೂ ಇಷ್ಟೆ. ಅದರಿಂದ ಅಂಕಿ ತುಸು ಬೇಗ ಏರಿತೆಂದು ಹೇಳುವ ಕೆಲವು ಪರೀಕ್ಷೆಗಳುಂಟು. ಸೋರುವ ನಾಳವನ್ನು ಅದು ಮುಚ್ಚುತ್ತದೆಂದು ಯಾರೂ ತೋರಿಸಿಕೊಟ್ಟಿಲ್ಲ. ವಾಂತಿಯಿಂದ ನರಳುತ್ತಿರುವ ಮಗುವಿಗೆ ಆ ಕಹಿಯನ್ನು ಬಲವಂತವಾಗಿ ಕುಡಿಸಿ ಇದ್ದಬದ್ದ ನೀರನ್ನೂ ವಾಂತಿ ಮಾಡಿಸುವುದಂತೂ ಬುದ್ಧಿವಂತಿಕೆಯಲ್ಲ.

ಓದದೆ ಬಿಟ್ಟ ಸಾಲು

ವಿಚಿತ್ರವೆಂದರೆ, ಸೋರಿಕೆಯ ಸುಳಿವು ಅದೇ ಚೀಟಿಯಲ್ಲಿದೆ. ಪ್ಲೇಟ್‌ಲೆಟ್ಟಿನ ಸಾಲಿಗೆ ಕೊಂಚ ಆಚೀಚೆ ‘ಪಿ.ಸಿ.ವಿ.’ ಅಥವಾ ‘ಹಿಮ್ಯಾಟೋಕ್ರಿಟ್’ ಎಂಬ ಇನ್ನೊಂದು ಸಾಲಿರುತ್ತದೆ. ನೂರು ಭಾಗ ರಕ್ತದಲ್ಲಿ ಕೆಂಪು ಕಣಗಳ ಪಾಲೆಷ್ಟೆಂದು ಹೇಳುವ ಅಂಕಿ ಅದು. ನೀರು ಸೋರಿಹೋದರೆ ಕಣಗಳ ಪಾಲು ಸಹಜವಾಗಿ ಏರುತ್ತದೆ. ಸಾರು ಬತ್ತಿದಂತೆ ತಳದ ಬೇಳೆ ದಟ್ಟವಾಗುವುದಿಲ್ಲವೇ, ಹಾಗೆ. ಮೊದಲ ದಿನ 36 ಇದ್ದುದು ಕಿರುತಟ್ಟೆ ಇಳಿಯುವ ಹೊತ್ತಿಗೆ 43ನ್ನು ದಾಟಿದರೆ, ಅಂದರೆ ಐದರಲ್ಲೊಂದು ಪಾಲು ಏರಿದರೆ, ವೈದ್ಯರ ಹುಬ್ಬು ಗಂಟಿಕ್ಕುತ್ತದೆ. ಚಿಕಿತ್ಸೆಯ ಜೀವಾಳವಿರುವುದು ಹದವರಿತು ದ್ರವ ಕೊಡುವುದರಲ್ಲಿ. ಕಡಮೆಯಾದರೂ ಅಪಾಯ, ಹೆಚ್ಚಾದರೂ ಅಪಾಯ. ಮೊದಲ ದಿನದ ಚೀಟಿಯನ್ನು ಎಸೆಯದೆ ಇಟ್ಟುಕೊಂಡು ಬಳ್ಳಾರಿಗೆ ತಂದರೆ ವೈದ್ಯರಿಗೆ ಆಗುವ ಉಪಕಾರ ಅಷ್ಟಿಷ್ಟಲ್ಲ.

ಇನ್ನೊಂದು ಮೋಸವಿದೆ. ಜ್ವರ ಇಳಿದಾಗ ಮನೆಯವರು ದೇವರಿಗೆ ಕೈಮುಗಿದು ನಿಟ್ಟುಸಿರು ಬಿಡುತ್ತಾರೆ. ಆದರೆ ಸೋರಿಕೆ ಆರಂಭವಾಗುವುದು ಸಾಮಾನ್ಯವಾಗಿ ಜ್ವರ ಇಳಿಯುವ ಆ ಸಮಯದಲ್ಲಿಯೇ, ಮೂರನೆಯ ದಿನದಿಂದ ಏಳನೆಯ ದಿನದೊಳಗೆ. ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಕೈಕಾಲು ತಣ್ಣಗಾಗುವುದು, ಮೂತ್ರ ಕಡಮೆಯಾಗುವುದು, ಮಗು ಮಂಕಾಗಿ ತೂಕಡಿಸುವುದು: ಇವುಗಳಲ್ಲಿ ಒಂದು ಕಂಡರೂ ಅಂಕಿ ಎಷ್ಟೇ ಇರಲಿ, ಆಸ್ಪತ್ರೆ ಸೇರಬೇಕು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮೊದಲಾದ ನೋವಿನ ಗುಳಿಗೆಗಳನ್ನೂ ಸೂಜಿಮದ್ದುಗಳನ್ನೂ ದೂರವಿಡಬೇಕು. ಕೆಲಸಮಾಡುತ್ತಿರುವ ಕೆಲವೇ ಕಿರುತಟ್ಟೆಗಳನ್ನೂ ಅವು ಕೈಕಟ್ಟಿ ಕೂರಿಸುತ್ತವೆ.

ಸಿರುಗುಪ್ಪದ ಕಡೆ ಗದ್ದೆಯ ನೀರನ್ನು ದೂರುವುದು ವಾಡಿಕೆ. ಗದ್ದೆಯಲ್ಲಿ ಹುಟ್ಟುವ ಸೊಳ್ಳೆಯ ಜಾತಿ ಬೇರೆ. ಅದು ತರುವ ಕಾಯಿಲೆಗಳೂ ಬೇರೆ. ಡೆಂಗಿಯನ್ನು ಹರಡುವ ಈಡಿಸ್ ಸೊಳ್ಳೆ ಹಗಲು ಕಚ್ಚುತ್ತದೆ, ಮನೆಯೊಳಗಿನ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ. ನಲ್ಲಿಯ ನೀರು ದಿನವೂ ಬಾರದ ಬಡಾವಣೆಗಳಲ್ಲಿ ಸಿಮೆಂಟು ತೊಟ್ಟಿ, ಡ್ರಮ್ಮು, ಹಂಡೆ, ಕೊಡಗಳಲ್ಲಿ ವಾರಗಟ್ಟಲೆ ನಿಂತ ನೀರೇ ಅದರ ತವರು. ನೀರು ಬರಿದಾದರೂ ತೊಟ್ಟಿಯ ಅಂಚಿಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿ ಕಾದಿದ್ದು, ಮತ್ತೆ ನೀರು ಬಂದಾಗ ಒಡೆಯುತ್ತದೆ. ಬರಿದೆ ಚೆಲ್ಲಿದರಾಗದು, ಅಂಚನ್ನು ತಿಕ್ಕಿ ತೊಳೆಯಬೇಕೆನ್ನುವುದು ಇದಕ್ಕಾಗಿಯೇ.

ಧೂಳನ್ನು ಎಣಿಸುವ ಕಷ್ಟ

ಇಷ್ಟೆಲ್ಲ ಮಹತ್ವದ ಧೂಳನ್ನು ಚೀಟಿಯಲ್ಲಿ ಏಕೆ ಬರೆದುಕೊಡುವುದಿಲ್ಲವೆಂದು ವಾಚಕರು ಕೇಳಬಹುದು. ಕಿರುತಟ್ಟೆಯನ್ನು ಎಣಿಸುವ ಯಂತ್ರದ ಕಣ್ಣಿಗೆ ಅದು ಬೀಳುವುದಿಲ್ಲ. ಲೇಸರ್ ಕಿರಣದ ಮುಂದೆ ಒಂದೊಂದೇ ಕಣವನ್ನು ಹಾಯಿಸಿ ನೋಡುವ ದುಬಾರಿ ಯಂತ್ರಗಳುಂಟು. ಅವುಗಳಲ್ಲಿಯೂ ಅನೇಕವು ಅತಿ ಸಣ್ಣ ಕಣಗಳನ್ನು ಗುರುತಿಸಲಾರವು. ಮೇಲಾಗಿ, ಕಿರುತಟ್ಟೆಯ ಗುರುತು ಹೊತ್ತ ಧೂಳೆಲ್ಲ ಕಿರುತಟ್ಟೆಯದೇ ಎಂದೂ ಅಲ್ಲ. ಆರೋಗ್ಯವಂತರಲ್ಲಿ ಅದರ ಬಹುಪಾಲು ಮಜ್ಜೆಯ ತಾಯಿಕೋಶದಿಂದಲೇ ಬರುತ್ತದೆಂದು 2009ರಲ್ಲಿ ತಿಳಿಯಿತು.

ಎಲ್ಲಕ್ಕಿಂತ ದೊಡ್ಡ ತೊಡಕು ಇನ್ನೂ ಸರಳವಾದುದು. ತೋಳಿನಿಂದ ರಕ್ತ ತೆಗೆದ ಮೇಲೂ ಕೊಳವೆಯೊಳಗೆ ಕಿರುತಟ್ಟೆಗಳು ಕೆರಳುತ್ತಲೇ ಇರುತ್ತವೆ. ಸೂಜಿ ಸಣ್ಣದಾದರೆ, ಕೊಳವೆ ಅಲುಗಾಡಿದರೆ, ತಡವಾದರೆ, ಹೊಸ ಧೂಳು ಹುಟ್ಟಿಕೊಳ್ಳುತ್ತದೆ. ಸಿರುಗುಪ್ಪದಲ್ಲಿ ಬೆಳಿಗ್ಗೆ ತೆಗೆದ ರಕ್ತ ಬಸ್ಸಿನಲ್ಲಿ ತೆಕ್ಕಲಕೋಟೆಯ ಮೇಲೆ ಹಾಯ್ದು ಮಧ್ಯಾಹ್ನಕ್ಕೆ ಬಳ್ಳಾರಿ ಮುಟ್ಟುವಷ್ಟರಲ್ಲಿ, ಕೊಳವೆಯಲ್ಲಿರುವ ಧೂಳಿನಲ್ಲಿ ರೋಗಿಯ ಮೈಯದು ಎಷ್ಟು, ರಸ್ತೆಯ ಕುಲುಕಾಟದ್ದು ಎಷ್ಟು ಎಂದು ಹೇಳುವುದು ಯಾವ ತಜ್ಞನಿಗೂ ಸಾಧ್ಯವಾಗದು. ತೆಗೆದ ಸ್ವಲ್ಪ ಹೊತ್ತಿನಲ್ಲಿಯೇ, ಅಲುಗಿಸದೆ, ಎರಡು ಬಾರಿ ಯಂತ್ರದಲ್ಲಿ ತಿರುಗಿಸಿ ಕಿರುತಟ್ಟೆಗಳನ್ನು ಬೇರೆಮಾಡಿಬಿಡಬೇಕೆಂಬುದು ಸಂಶೋಧಕರು ಹಾಕಿಕೊಂಡಿರುವ ನಿಯಮ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಅದು ನಡೆಯುವಂತಾಗುವವರೆಗೆ ಸೋರಿಕೆಯನ್ನು ಅಳೆಯಲು ಉಳಿದಿರುವ ಸಾಧನಗಳು ಹಳೆಯವೇ: ನಾಡಿಯ ಮೇಲೆ ವೈದ್ಯರ ಬೆರಳು, ರಕ್ತದೊತ್ತಡದ ಪಟ್ಟಿ, ಮೂತ್ರದ ಅಳತೆಯ ಲೋಟ, ಮತ್ತು ಚೀಟಿಯಲ್ಲಿನ ಆ ಇನ್ನೊಂದು ಸಾಲು.